ಘಟಪ್ರಭೆಯ ಕಾಲುವೆಯ ದಂಡೆಯಲ್ಲಿ

ವಸಂತವೆಂದರೆ ಮಾವಿನ ಚಿಗುರು, ಕೋಗಿಲೆಯ ಧ್ವನಿ, ಮಲಯಮಾರುತ ಎಂದು ಕಾವ್ಯಗಳಲ್ಲಿ ಓದಿದವರಿಗೆ ನಮ್ಮ ಬಾಗಲಕೋಟೆ ಜಿಲ್ಲೆಯ ಚೈತ್ರ ವೈಶಾಖಗಳು ಮೊದಲ ನೋಟಕ್ಕೆ ನಿರಾಶೆಯನ್ನೇ ಉಂಟುಮಾಡುವುವು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕು ತಾಲೂಕುಗಳಲ್ಲಿ ವರ್ಷದ ಮಳೆ ಸರಾಸರಿ ೬೦೦ ಮಿಲಿಮೀಟರಿಗೂ ಕಡಿಮೆ. ಯುಗಾದಿ ಕಳೆದೊಡನೆ ಎರೆಯ ಹೊಲಗಳು ಬಾಯಿಬಿಡುವುವು. ಮಧ್ಯಾಹ್ನ ಹನ್ನೆರಡಕ್ಕೆ ಊರ ಓಣಿಗಳಲ್ಲಿ ನಾಯಿ ಕೂಡ ತಿರುಗಾಡದು. ಆದರೂ ಕೆಲವು ವರ್ಷ ಈ ಬಿಸಿಲಿಗೆ ಅಪವಾದವುಂಟು. ರೇವತಿ, ಅಶ್ವಿನಿ, ಭರಣಿ ಎಂದು ನಕ್ಷತ್ರಗಳ ಹೆಸರಿನಿಂದ ರೈತರು ಕರೆಯುವ ಮಳೆಗಳು ಆ ವರ್ಷಗಳಲ್ಲಿ ಬರಿಯ ಗುಡುಗು ಮಿಂಚಿನಲ್ಲಿ ತೀರದೆ ಮೇಲಿಂದ ಮೇಲೆ ಸುರಿಯುವುವು, ಮೋಡ ಚದರದೆ ನಿಲ್ಲುವುದು, ಗಾಳಿಯಲ್ಲಿ ತಂಪಿರುವುದು. ಅಂತಹ ಒಂದು ತಂಪಿನ ವಸಂತದಲ್ಲಿ ಈ ನಾಲ್ಕು ತಾಲೂಕುಗಳ ಕಾಲುವೆಯ ದಂಡೆಗಳನ್ನು ತಿರುಗಿ ಕಂಡ ಸಂಗತಿಗಳನ್ನು ವಾಚಕರ ಮುಂದೆ ಇಡುವುದು ಈ ಲೇಖನದ ಉದ್ದೇಶವಾಗಿದೆ.

ನಾವು ಕಂಡದ್ದು ಮುಖ್ಯವಾಗಿ ಮೀನು ಹಿಡಿಯುವವರನ್ನು. ಈ ಮಾತು ಕೆಲವರಿಗೆ ವಿಚಿತ್ರವೆನಿಸಬಹುದು. ನಾವು ಶಾಕಾಹಾರಿಗಳು, ಮೂವತ್ತು ವರ್ಷಕ್ಕೆ ಮಿಕ್ಕಿ ಶಾಲೆಯಲ್ಲಿ ಶಬ್ದರೂಪ ಧಾತುರೂಪಗಳನ್ನು ಹೇಳಿಕೊಟ್ಟವರು, ಗಾಳದ ಕೋಲನ್ನು ಕೈಯಲ್ಲಿ ಹಿಡಿದವರೇ ಅಲ್ಲ. ಮೀನಿನ ಗೊಡವೆ ನಮಗೇಕೆ ಎಂದು ಕೇಳುವವರಿಗೆ ನಮ್ಮ ಉತ್ತರವಿಷ್ಟೆ: ನೀರು ಎಲ್ಲರದು. ಆ ನೀರಿನ ಕ್ಷೇಮವನ್ನು ಮನುಷ್ಯನಿಗಿಂತ ಮೊದಲು ತಿಳಿಯುವುದು ಮೀನು. ಮೀನಿನ ಕ್ಷೇಮವನ್ನು ನಮಗಿಂತ ಮೊದಲು ತಿಳಿಯುವವನು ಅದನ್ನು ಹಿಡಿಯುವವನು. ಆದಕಾರಣ ನದಿಯ ಸಮಾಚಾರ ಬೇಕಾದವರು ದಂಡೆಯಲ್ಲಿ ಕುಳಿತವನನ್ನೇ ವಿಚಾರಿಸಬೇಕು.

ಮೊದಲು ಈ ಸೀಮೆಯ ನೀರಿನ ವಿನ್ಯಾಸವನ್ನು ತಿಳಿಸಬೇಕಾಗುತ್ತದೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ, ಎರಡೂ ಪೂರ್ವಾಭಿಮುಖವಾಗಿ ಹರಿದು ಬೀಳಗಿಯ ಕಡೆಯ ಚಿಕ್ಕಸಂಗಮದಲ್ಲಿ ಒಂದಾಗುತ್ತವೆ. ಘಟಪ್ರಭೆಯು ಸಹ್ಯಾದ್ರಿಯಲ್ಲಿ ಹುಟ್ಟಿ ೨೮೩ ಕಿಲೋಮೀಟರು ಹರಿಯುವ ನದಿ. ಅದಕ್ಕೆ ಬೆಳಗಾವಿ ಜಿಲ್ಲೆಯ ಹಿಡಕಲ್ಲಿನಲ್ಲಿ ಅಣೆಕಟ್ಟು, ರಾಜಾ ಲಖಮಗೌಡ ಜಲಾಶಯವೆಂದು ಅದರ ಹೆಸರು, ೫೧ ಟಿ.ಎಂ.ಸಿ. ನೀರು ಹಿಡಿಯುವುದು. ಅದರ ಕೆಳಗೆ ಗೋಕಾಕ ತಾಲೂಕಿನ ಧೂಪದಾಳದಲ್ಲಿ ಅದಕ್ಕಿಂತ ಬಹಳ ಹಳೆಯದೊಂದು ಒಡ್ಡು. ಅಲ್ಲಿಂದ ಎಡದಂಡೆಯ ಕಾಲುವೆ ಹೊರಟು ೧೦೯ ಕಿಲೋಮೀಟರು ನಡೆದುಬರುತ್ತದೆ. ಅದರ ಶಾಖೆಗಳು, ಶಾಖೆಗಳ ಉಪಶಾಖೆಗಳು, ಕೊನೆಗೆ ಹೊಲಗಾಲುವೆಗಳು ಮುಧೋಳ ಜಮಖಂಡಿಗಳ ಕಬ್ಬಿನ ಹೊಲಗಳಲ್ಲಿ ನರಗಳಂತೆ ಹಬ್ಬಿವೆ. ಕಾಲುವೆಗೆ ಸಂಸ್ಕೃತದಲ್ಲಿ ಕುಲ್ಯೆ ಎಂದು ಹೆಸರು. ಮನುಷ್ಯನು ಮಾಡಿದ ಚಿಕ್ಕ ನದಿಯೆಂಬ ಅರ್ಥದಲ್ಲಿ ಅಮರಸಿಂಹನು ತನ್ನ ಕೋಶದ ವಾರಿವರ್ಗದಲ್ಲಿ ಅದನ್ನು ಸೇರಿಸಿದ್ದಾನೆ. ಅದೇ ವರ್ಗದಲ್ಲಿ ಮೀನುಗಳ ಹೆಸರು, ಬಲೆ, ಗಾಳಗಳ ಹೆಸರು ಕೂಡ ಬರುತ್ತವೆ. ಕಾಲುವೆ, ಮೀನು, ಗಾಳ ಮೂರೂ ಒಂದೇ ಮನೆಯ ಮಾತುಗಳೆಂದು ಕೋಶಕಾರನು ಅಂದೇ ಬಗೆದಂತಿದೆ.

ಕಾಲುವೆಯಲ್ಲಿ ಮೀನು ಹುಟ್ಟುವುದಲ್ಲ, ಬರುವುದು. ಜಲಾಶಯದ ತೂಬು ಎತ್ತಿದಾಗ ನೀರಿನೊಡನೆ ಮರಿಗಳು ಇಳಿದು ಬರುತ್ತವೆ. ಮಳೆಗಾಲದಿಂದ ಹಿಂಗಾರಿ ಬೆಳೆಯವರೆಗೆ ನೀರು ಸರದಿಯ ಮೇಲೆ ಹರಿಯುವುದು. ಬೇಸಗೆಯಲ್ಲಿ ಕುಡಿಯುವ ನೀರಿಗೆಂದು ನಡುನಡುವೆ ಕೆಲವು ದಿನ ಬಿಡುವರು. ಗೇಟು ಮುಚ್ಚಿದೊಡನೆ ಹರಿವು ನಿಂತು, ಸೇತುವೆಗಳ ಬುಡದಲ್ಲಿಯೂ ನೀರು ಧುಮುಕುವ ಮೆಟ್ಟಿಲುಗಳ ಕೆಳಗಿನ ಗುಂಡಿಗಳಲ್ಲಿಯೂ ಮಾತ್ರ ನೀರು ಉಳಿಯುವುದು. ಮೀನುಗಳೆಲ್ಲ ಅಲ್ಲಿ ಕೂಡುವುವು. ಬಿಸಿಲು ಬಲವಾದ ವರ್ಷ ಆ ಗುಂಡಿಗಳು ಎರಡು ವಾರದಲ್ಲಿ ಕೆಸರಾಗಿ, ಕಾಗೆ ಕೊಕ್ಕರೆಗಳ ಪಾಲಾಗುತ್ತವೆ. ಅಡ್ಡಮಳೆಯಾದ ವರ್ಷ ಮಾತ್ರ ಹೊಲಗಳ ಬಸಿನೀರು ಬಂದು ಗುಂಡಿ ತುಂಬುವುದು, ಮೀನು ಬದುಕುವುದು, ಗಾಳ ಹಾಕುವವರಿಗೆ ಹಬ್ಬವಾಗುವುದು.

ತಂಪು ಹವೆಯಲ್ಲಿ ಮೀನು ಏಕೆ ಗಾಳಕ್ಕೆ ಬರುತ್ತದೆಂಬುದಕ್ಕೆ ಕಾರಣವುಂಟು. ಕಾದ ನೀರಿನಲ್ಲಿ ಪ್ರಾಣವಾಯುವು ಕಡಿಮೆ ಕರಗುವುದು. ಉರಿಬಿಸಿಲಿನಲ್ಲಿ ಮೀನು ಇದ್ದಷ್ಟು ಆಳಕ್ಕೆ ಇಳಿದು ಮೇವನ್ನು ಬಿಟ್ಟು ಸುಮ್ಮನಿರುವುದು. ಮಳೆ ಬಿದ್ದು ನೀರು ತಣಿದಾಗ ಅದಕ್ಕೆ ಉಸಿರು ಬರುವುದು, ಹಸಿವೆಯೂ ಆಗುವುದು. ಅದೇ ಹೊತ್ತಿಗೆ ನೆಲದೊಳಗಿನ ಎರೆಹುಳುಗಳು ಹೊರಬಿದ್ದು ನೀರಿನೊಡನೆ ಕಾಲುವೆಗೆ ಇಳಿಯುವುವು. ನೀರು ತುಸು ರಾಡಿಯಾಗಿರುವುದರಿಂದ ದಂಡೆಯ ಮೇಲಿನ ಮನುಷ್ಯನ ನೆರಳು ಮೀನಿಗೆ ಕಾಣದು. ಇಷ್ಟೆಲ್ಲ ಕೂಡಿ ಬಂದರೆ, ಗಂಟೆಗೊಂದು ಸಿಕ್ಕುವ ಮೀನು ಗಳಿಗೆಗೊಂದು ಸಿಕ್ಕುವುದು.

ಕನ್ನಡದ ಒಂದು ಮಾತಿನ ಸೊಗಸನ್ನು ಇಲ್ಲಿ ಹೇಳದಿರಲಾರೆವು. ನಮ್ಮ ಕಪ್ಪು ನೆಲಕ್ಕೆ ಎರೆ ಎಂದು ಹೆಸರು. ಆ ನೆಲದೊಳಗಿನ ಹುಳು ಎರೆಹುಳು. ಗಾಳದ ತುದಿಗೆ ಚುಚ್ಚುವ ತಿನಿಸಿಗೂ ಎರೆಯೆಂದೇ ಹೆಸರು. ಆಕಾಶವು ನೀರನ್ನು ಸುರಿಯುವುದೂ ಎರೆಯುವುದೇ. ಶಬ್ದಶಾಸ್ತ್ರಜ್ಞರು ಇವುಗಳ ಮೂಲ ಬೇರೆ ಬೇರೆಯೆಂದು ಹೇಳಬಹುದು. ಆದರೆ ಭರಣಿ ಮಳೆಯ ಮರುದಿನ ಮುಧೋಳದ ಕಾಲುವೆಯ ದಂಡೆಯಲ್ಲಿ ನಿಂತರೆ ಈ ನಾಲ್ಕೂ ಒಂದೇ ಕಡೆ ಕಾಣುವುವು.

ಇಲ್ಲಿಯ ಗಾಳದ ಉಪಕರಣಗಳು ಬಹಳ ಸರಳ. ಒಂದು ಬಿದಿರಿನ ಕೋಲು, ಅಷ್ಟೇ ಉದ್ದದ ನಾಯಿಲಾನ್ ದಾರ, ಸಂತೆಯಲ್ಲಿ ಕೊಂಡ ಸಣ್ಣ ಕೊಕ್ಕೆ, ನಡುವೆ ಜೋಳದ ದಂಟಿನ ಬೆಂಡು. ಎರೆಹುಳು ಇಲ್ಲದಾಗ ಗೋದಿಯ ಕಣಕಕ್ಕೆ ಶೇಂಗಾ ಹಿಂಡಿ ಕಲಸಿ ಕಡಲೆಗಾತ್ರದ ಉಂಡೆ ಮಾಡುವರು. ಬೆಂಡು ಮೊದಲು ಎರಡು ಮೂರು ಸಲ ನಡುಗುವುದು. ಆಗ ಎಳೆಯಬಾರದು, ಮೀನು ಇನ್ನೂ ಮೂಸಿ ನೋಡುತ್ತಿರುವುದು. ಬೆಂಡು ಓರೆಯಾಗಿ ಮುಳುಗಿತೆಂದರೆ ಮಣಿಕಟ್ಟನ್ನಷ್ಟೇ ಎತ್ತಬೇಕು. ಮೇಲೆ ಬರುವುದು ಹೆಚ್ಚಾಗಿ ಗೇಣುದ್ದದ, ಬೆಳ್ಳಿಯ ಹುರುಪೆಯ, ಗೆಂಡೆಯ ಕುಲದ ಸಣ್ಣ ಮೀನು. ಸಂಸ್ಕೃತ ಕವಿಗಳು ಶಫರೀ ಎಂದು ಕರೆದು, ಅಲ್ಪ ನೀರಿನಲ್ಲಿ ಕುಣಿದಾಡುವ ಚಪಲತೆಗೆ ಉಪಮಾನ ಮಾಡಿದ್ದು ಇಂತಹ ಮೀನನ್ನೇ. ಕಣ್ಣಾರೆ ನೋಡಿದ ಮೇಲೆ ಆ ಉಪಮಾನವು ಅದಕ್ಕೆ ತುಸು ಅನ್ಯಾಯವೇ ಎಂದು ನಮಗನಿಸಿತು. ಗುಂಡಿ ಬತ್ತುತ್ತಿರುವಾಗ ಅದು ಕುಣಿಯುವುದು ಗರ್ವದಿಂದಲ್ಲ.

ನಮ್ಮನ್ನು ದಂಡೆಗೆ ಕರೆದೊಯ್ದವನು ಬನಹಟ್ಟಿಯ ಒಬ್ಬ ಹಳೆಯ ವಿದ್ಯಾರ್ಥಿ. ರಬಕವಿ ಬನಹಟ್ಟಿಗಳು ನೇಕಾರರ ಊರುಗಳೆಂಬುದು ಎಲ್ಲರಿಗೂ ಗೊತ್ತು. ಅಲ್ಲಿಯ ಸೀರೆಗಳನ್ನು ಉಡದ ಮನೆ ನಮ್ಮ ಕಡೆ ಅಪರೂಪ. ಓಣಿ ಓಣಿಗೂ ವಿದ್ಯುತ್ ಮಗ್ಗಗಳ ಸಪ್ಪಳ. ವಾರದ ರಜೆಯ ದಿನ ಈತನು ಗಾಳ ಹಿಡಿದು ಕಾಲುವೆಗೆ ಬರುತ್ತಾನೆ. ಮೀನಿಗಾಗಿ ಇಷ್ಟು ದೂರವೇ ಎಂದು ಕೇಳಿದೆವು. “ಮೀನ ಸಿಕ್ಕರ ಛಲೋ ಆತು, ಸಿಗಲಿಲ್ಲಂದ್ರೂ ನಡೀತೈತ್ರಿ ಗುರುಗಳ. ಆರು ದಿನ ಮಗ್ಗದ ಸಪ್ಪಳಾ ಕೇಳಿ ಕಿವಿ ದಣದಿರತಾವ. ಇಲ್ಲಿ ಬಂದು ಕುಂತರ ಅವಕ್ಕೂ ರಜಾ ಸಿಕ್ಕಂಗ ಆಗತೈತಿ” ಎಂದನು. ನೂಲಿನ ಎಳೆಯನ್ನು ನೋಡಿ ಪಳಗಿದ ಕಣ್ಣಾದ್ದರಿಂದಲೋ ಏನೋ, ದಾರದ ಸಣ್ಣ ಮಿಡಿತವೂ ಅವನಿಗೆ ತಪ್ಪುತ್ತಿರಲಿಲ್ಲ.

ಈ ವಿನೋದವು ಹೊಸದೇನೂ ಅಲ್ಲ, ಪರದೇಶದ್ದೂ ಅಲ್ಲ. ಕಲ್ಯಾಣದಿಂದ ಈ ನಾಡನ್ನು ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು ೧೧೩೦ರಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದ ನೂರು ಅಧ್ಯಾಯಗಳಲ್ಲಿ ಮತ್ಸ್ಯವಿನೋದವೂ ಒಂದು. ಹುರುಪೆಯುಳ್ಳವು, ಹುರುಪೆಯಿಲ್ಲದವು, ಸಮುದ್ರದವು, ನದಿಯವು, ದೊಡ್ಡವು, ಸಣ್ಣವು ಎಂದು ಅರಸನು ಮೀನುಗಳನ್ನು ವಿಂಗಡಿಸುತ್ತಾನೆ. ಯಾವ ಮೀನಿಗೆ ಯಾವ ತಿನಿಸು, ದಾರ ಹೇಗಿರಬೇಕು, ಕೋಲು ಹೇಗಿರಬೇಕು ಎಂಬುದನ್ನು ವಿವರಿಸುತ್ತಾನೆ. ಮತ್ಸ್ಯಶಾಸ್ತ್ರಜ್ಞರಾದ ಸುಂದರಲಾಲ ಹೋರಾ ಅವರು ೧೯೫೧ರಲ್ಲಿ ಈ ಅಧ್ಯಾಯವನ್ನು ಅಭ್ಯಾಸಮಾಡಿ ಪ್ರಬಂಧ ಬರೆದರು. ಅದರಲ್ಲಿ ನಮ್ಮ ಮನಸ್ಸನ್ನು ಸೆಳೆದ ಸಂಗತಿಯೆಂದರೆ, ಹಿಡಿಯುವ ಮೊದಲು ಮೀನಿಗೆ ತಿನಿಸು ಹಾಕಿ ಸಾಕಬೇಕೆಂಬ ವಿಧಿ. ಆಂಗ್ಲರ ದೇಶದಲ್ಲಿ ಗಾಳದ ಮೇಲಿನ ಪ್ರಸಿದ್ಧ ಗ್ರಂಥವನ್ನು ಐಜಾಕ್ ವಾಲ್ಟನ್ ಎಂಬಾತನು ಪ್ರಕಟಿಸಿದ್ದು ೧೬೫೩ರಲ್ಲಿ. ನಮ್ಮ ಅರಸನು ಅವನಿಗಿಂತ ಐದು ನೂರು ವರ್ಷ ಹಿಂದಿನವನು.

ಆಂಗ್ಲರ ಮಾತು ಬಂದುದರಿಂದ ಒಂದು ಹೋಲಿಕೆಯನ್ನು ಹೇಳುವೆವು. ಅಲ್ಲಿ ಹಿಂದೆ ದೋಣಿಗಳಲ್ಲಿ ಸರಕು ಸಾಗಿಸುವುದಕ್ಕೆಂದು ತೋಡಿದ ಕಾಲುವೆಗಳು ಬಹಳ. ಅವುಗಳ ದಂಡೆಯಲ್ಲಿ ರೋಚ್ ಎಂಬ ಮೀನಿಗಾಗಿ ಜನರು ತಾಸುಗಟ್ಟಲೆ ಕೂಡುವರು. ಅದೂ ಗೆಂಡೆಯ ಕುಲದ್ದೇ. ಬೆಳ್ಳಿಯ ಮೈ, ಕೆಂಪು ಕಣ್ಣು. ಆ ದೇಶದಲ್ಲಿ ಇಂತಹ ಮೀನುಗಳು ವಸಂತದಲ್ಲಿ ತತ್ತಿಯಿಡುವುವು. ಆದಕಾರಣ ಮಾರ್ಚ್ ೧೫ರಿಂದ ಜೂನ್ ೧೫ರವರೆಗೆ ಅಲ್ಲಿಯ ಹೊಳೆಗಳಲ್ಲಿ ಅವುಗಳನ್ನು ಹಿಡಿಯುವುದು ನಿಷಿದ್ಧ. ನಮ್ಮಲ್ಲಿ ಕ್ರಮವು ಬೇರೆ. ನಮ್ಮ ದೊಡ್ಡ ಗೆಂಡೆಗಳು ತತ್ತಿಯಿಡುವುದು ಮುಂಗಾರಿನ ಹೊಸನೀರಿನಲ್ಲಿ. ಅಂದಮೇಲೆ ನಮ್ಮ ವಸಂತದ ಗಾಳವು ದೋಷವಲ್ಲ. ಆದರೆ ಅದಕ್ಕೊಂದು ಗಡುವುಂಟು. ಮೃಗಶಿರದ ಮಳೆ ಹಿಡಿದು ಹಳ್ಳಕೊಳ್ಳಗಳು ಹರಿದವೆಂದರೆ ಗಾಳವನ್ನು ಜಂತಿಗೆ ಸಿಕ್ಕಿಸಬೇಕು. ಈ ಗಡುವಿನ ಮಾತೇ ನಮ್ಮ ಪ್ರವಾಸದ ಸಾರವೆಂದು ವಾಚಕರು ತಿಳಿಯಬಹುದು.

ಇದನ್ನು ನಮಗೆ ಮನಗಾಣಿಸಿದವರು ಕೃಷ್ಣಾತೀರದ ಒಬ್ಬ ವೃದ್ಧ ಅಂಬಿಗರು. ಅಂಬಿಗರು ಹನ್ನೆರಡನೆಯ ಶತಮಾನದಲ್ಲಿ ಚೌಡಯ್ಯನಂತಹ ನಿರ್ಭೀತ ವಚನಕಾರನನ್ನು ಕೊಟ್ಟ ಕುಲದವರು; ಹರಗೋಲು, ಬಲೆ, ಗಾಳ ಇವೇ ಅವರ ಆಸ್ತಿ. ಹಿಪ್ಪರಗಿಯ ಬ್ಯಾರೇಜಿನ ಕಡೆಯ ದಂಡೆಯಲ್ಲಿ ಬಲೆಯನ್ನು ಹೊಲಿಯುತ್ತ ಕುಳಿತಿದ್ದ ಅವರನ್ನು, ನದಿಯ ಮೀನಿಗೂ ಕಾಲುವೆಯ ಮೀನಿಗೂ ಏನು ಭೇದವೆಂದು ಕೇಳಿದೆವು. “ಭಾಳ ಭೇದ ಐತ್ರಿ ಮಾಸ್ತರ. ನದ್ಯಾಗಿನ ಮೀನಕ್ಕ ಹೋಗಾಕ ಹಾದಿ ಇರತೈತಿ. ಕೆನಾಲದಾಗಿನ ಮೀನಕ್ಕ ಅದರದಂತ ಹಾದಿ ಇಲ್ಲ, ಗೇಟ ಹೆಂಗ ಹೇಳತೈತಿ ಹಂಗ” ಎಂದರು. ಸ್ವಲ್ಪ ಹೊತ್ತು ಬಿಟ್ಟು ತಾವಾಗಿಯೇ ಮುಂದುವರಿಸಿದರು: “ಮೊದಲ ಮಳಿಗೆ ಹಳ್ಳಾ ಏರಿ ಬರೂ ಮೀನಾ ನಮ್ಮಪ್ಪ ಮುಟ್ಟತಿರಲಿಲ್ರಿ. ಹೊಟ್ಟ್ಯಾಗ ತತ್ತಿ ಇರತಾವ ಅಂತಿದ್ದಾ. ಈಗ ಸೊಳ್ಳಿ ಪರದೀನ ಹಳ್ಳಕ್ಕ ಅಡ್ಡಾ ಕಟ್ಟತಾರ. ತಾಯೀನೂ ಹೋತು, ಮರೀನೂ ಹೋತು.”

ಈ ಮಾತಿನ ತೂಕವನ್ನು ವಾಚಕರು ಗ್ರಹಿಸಬೇಕಾದರೆ ಮೀನಿನ ಸಂತಾನದ ಕ್ರಮವನ್ನು ತಿಳಿಯಬೇಕು. ಕಾಲುವೆ ಕೆರೆಗಳಲ್ಲಿ ಇಂದು ಬೆಳೆಸುವ ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಮೂಲತಃ ಗಂಗಾತೀರದವು. ಒಂದು ತಾಯಿಮೀನು ಲಕ್ಷಗಟ್ಟಲೆ ತತ್ತಿಯಿಡುವುದು. ಆದರೆ ನಿಂತ ನೀರಿನಲ್ಲಿ ಇಡದು. ಮಳೆಗಾಲದ ಹರಿವು ಅದಕ್ಕೆ ಬೇಕು. ಆ ಕಾರಣ ಹಿಂದೆ ಸಾಕಣೆಗೆ ಬೇಕಾದ ಮರಿಗಳನ್ನು ನದಿಗಳಿಂದಲೇ ಸೋಸಿ ತರುತ್ತಿದ್ದರು. ೧೯೫೭ರಲ್ಲಿ ಹೀರಾಲಾಲ ಚೌಧುರಿ ಎಂಬ ವಿಜ್ಞಾನಿಗಳು ಮೀನಿನ ಮಸ್ತಕದೊಳಗಿನ ಒಂದು ಗ್ರಂಥಿಯ ರಸವನ್ನು ಚುಚ್ಚಿ ಗೆಂಡೆಮೀನುಗಳು ಕೊಳದಲ್ಲಿಯೇ ತತ್ತಿಯಿಡುವಂತೆ ಮಾಡಿದರು. ಅಂದಿನಿಂದ ಮರಿಗಳ ಕೊರತೆ ನೀಗಿತು. ಆದರೆ ಹೀಗೆ ತಂದು ಬಿಡುವವು ಲೆಕ್ಕದ ಕೆಲವು ಜಾತಿಗಳು ಮಾತ್ರ. ನಮ್ಮ ಕೃಷ್ಣಾ ಘಟಪ್ರಭೆಗಳ ಹಳೆಯ ಸಣ್ಣ ಮೀನುಗಳನ್ನು ತಂದು ಬಿಡುವವರು ಯಾರು? ಅವು ತಾವೇ ಹಳ್ಳ ಏರಬೇಕು, ತಾವೇ ತತ್ತಿಯಿಡಬೇಕು. ಅವುಗಳ ಪಾಲಿಗೆ ಬೇರೆ ಕಂಟಕಗಳೂ ಇವೆ. ೧೯೫೨ರಲ್ಲಿ ಭಾರತಕ್ಕೆ ತಂದ ಆಫ್ರಿಕಾ ಮೂಲದ ತಿಲಾಪಿಯಾ, ಜನರು ಜಿಲೇಬಿ ಮೀನೆಂದು ಕರೆಯುವುದು, ನಿಂತ ನೀರಿನಲ್ಲಿಯೂ ಮರಿಮಾಡುವುದು, ತತ್ತಿಯನ್ನು ಬಾಯಲ್ಲಿಟ್ಟು ಕಾಯುವುದು. ಹೊರಗಿನದು ಹೀಗೆ ಹಬ್ಬುತ್ತಿರುವಾಗ ಮನೆಯದನ್ನು ಬಸುರಿಯಲ್ಲೇ ಸೋಸಿ ತೆಗೆದರೆ ಉಳಿಯುವುದು ಏನು?

ರೋಹು ಎಂಬ ಹೆಸರು ಸಂಸ್ಕೃತದ ರೋಹಿತವೇ. ಕಾಳಿದಾಸನ ಶಾಕುಂತಲದ ಆರನೆಯ ಅಂಕದಲ್ಲಿ ದುಷ್ಯಂತನ ಉಂಗುರವು ದೊರೆಯುವುದು ಬೆಸ್ತನೊಬ್ಬನು ಕೊಯ್ದ ರೋಹಿತ ಮೀನಿನ ಹೊಟ್ಟೆಯಲ್ಲಿ. ಕಾವಲುಭಟರು ಅವನನ್ನು ಕಳ್ಳನೆಂದು ಹೊಡೆದು, ಅವನ ಕುಲವೃತ್ತಿಯನ್ನು ಹಾಸ್ಯಮಾಡುತ್ತಾರೆ. ಅವನು ತನ್ನ ವೃತ್ತಿಯ ಬಗ್ಗೆ ನಾಚದೆ ಉತ್ತರ ಕೊಡುತ್ತಾನೆ. ಕೊನೆಗೆ ಅರಸನು ಉಂಗುರದ ಬೆಲೆಯಷ್ಟು ಧನವನ್ನು ಕಳಿಸುತ್ತಾನೆ. ವರ್ಷವರ್ಷವೂ ಈ ಅಂಕವನ್ನು ಪಾಠ ಹೇಳುವಾಗ ಹುಡುಗರು ಭಟರ ಮಾತಿಗೆ ನಗುವುದನ್ನು ಕಂಡಿದ್ದೇವೆ. ಮರೆತುಹೋದುದನ್ನು ಅರಸನಿಗೆ ನೆನಪಿಗೆ ತಂದವನು ಆ ಬೆಸ್ತನೇ ಎಂಬುದನ್ನು ಅವರಿಗೆ ಬಿಡಿಸಿ ಹೇಳಬೇಕಾಗುತ್ತಿತ್ತು. ಹಿಪ್ಪರಗಿಯ ವೃದ್ಧರ ಮಾತನ್ನು ಕೇಳಿದಾಗ ನಮಗೆ ಅದು ನೆನಪಾಯಿತು.

ಹಿಪ್ಪರಗಿಯಿಂದ ಮುಧೋಳಕ್ಕೆ ಬಂದೆವು. ಮುಧೋಳವು ಕವಿಚಕ್ರವರ್ತಿ ರನ್ನನ ಹುಟ್ಟೂರು. ಬಳೆಗಾರರ ಮನೆಯಲ್ಲಿ ಹುಟ್ಟಿದ ಆ ಮಹಾಕವಿಯು ತನ್ನ ಗದಾಯುದ್ಧದಲ್ಲಿ ದುರ್ಯೋಧನನನ್ನು ವೈಶಂಪಾಯನ ಸರೋವರದ ನೀರಿನೊಳಗೆ ಅಡಗಿಸಿಡುತ್ತಾನೆ. ಊರ ಹೊರಗಿನ ಘಟಪ್ರಭೆಯ ಮಡುಗಳನ್ನು ಬಾಲ್ಯದಲ್ಲಿ ಕಂಡವನಿಗೆ ನೀರಿನ ಆಳ ಹೊಸದಾಗಿರಲಿಕ್ಕಿಲ್ಲ. ಅದೇ ಘಟಪ್ರಭೆ ೨೦೧೯ರ ಆಗಸ್ಟಿನಲ್ಲಿ ದಂಡೆಯ ಹಳ್ಳಿಗಳನ್ನು ಮುಳುಗಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ಕೃಷ್ಣೆ ಬತ್ತಿ, ಮಹಾರಾಷ್ಟ್ರದ ಕೊಯ್ನಾ ಜಲಾಶಯದಿಂದ ನೀರು ಬಿಡಬೇಕೆಂದು ನಮ್ಮ ಸರಕಾರವು ಕೇಳಬೇಕಾಗಿ ಬಂದಿತ್ತು. ಮೂರು ತಿಂಗಳ ಅಂತರದಲ್ಲಿ ಬರವೂ ಮಹಾಪೂರವೂ! ಮನುಷ್ಯನಿಗೆ ಊರು ಬಿಡಲು ದಾರಿಯಿತ್ತು. ಬತ್ತಿದ ಮಡುವಿನ ಮೀನಿಗೆ ಅದೂ ಇರಲಿಲ್ಲ.

ಕೊನೆಯದಾಗಿ ಬೀಳಗಿಯ ಕಡೆ ಹೋದೆವು. ಆಲಮಟ್ಟಿಯ ಹಿನ್ನೀರು ಇಲ್ಲಿಯ ಹಲವು ಹಳ್ಳಿಗಳನ್ನು ನುಂಗಿ, ಜನರನ್ನು ಪುನರ್ವಸತಿ ಕೇಂದ್ರಗಳಿಗೆ ಕಳಿಸಿದೆ. ಬೇಸಗೆಯಲ್ಲಿ ಹಿನ್ನೀರು ಸರಿದಾಗ ಹಳೆಯ ಹೊಲಗಳ ಬದುಗಳು ಕಾಣುವುವು. ಚಿಕ್ಕಸಂಗಮದ ಕೆಸರಿನಲ್ಲಿ ಗುಲಾಬಿ ಬಣ್ಣದ ರಾಜಹಂಸಗಳು ತಲೆ ಬಗ್ಗಿಸಿ ಮೇಯುವುವು. ನೀರು ಒಬ್ಬರ ಮನೆಯನ್ನು ಕಿತ್ತುಕೊಂಡು ಇನ್ನೊಬ್ಬರಿಗೆ ಉಣಿಸು ಕೊಟ್ಟಿದೆ. ಹೊಲ ಕಳೆದುಕೊಂಡು, ಈಗ ಅದೇ ಹೊಲದ ಮೇಲಿನ ನೀರಿನಲ್ಲಿ ಬಲೆ ಬೀಸುವವರನ್ನೂ ಅಲ್ಲಿ ಕಂಡೆವು.

ಇಷ್ಟನ್ನು ನೋಡಿ ಬಂದ ಮೇಲೆ ನಮಗೆ ತೋರಿದ್ದನ್ನು ಎರಡು ಮಾತುಗಳಲ್ಲಿ ಹೇಳುವೆವು. ಈ ಸೀಮೆಯ ನೀರೆಲ್ಲ ಈಗ ಮನುಷ್ಯನ ಕೈಯಲ್ಲಿದೆ. ಗೇಟು ಎತ್ತುವವನೂ ಅವನೇ, ಮುಚ್ಚುವವನೂ ಅವನೇ. ಕೈಯಲ್ಲಿ ಅಧಿಕಾರ ಬಂದಮೇಲೆ ಹೊಣೆಯೂ ಬರಬೇಕು. ಸರಕಾರವೇ ಎಲ್ಲವನ್ನೂ ಮಾಡಲಿ ಎನ್ನುವುದು ಈ ಜನರ ಸ್ವಭಾವವಲ್ಲ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ೧೯೮೯ರಲ್ಲಿ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಮ್ಮ ಹಣ, ತಮ್ಮ ಶ್ರಮಗಳಿಂದ ಕೃಷ್ಣೆಗೆ ಬ್ಯಾರೇಜು ಕಟ್ಟಿ ನಾಡಿಗೇ ಮಾದರಿಯಾದರು. ಅಂತಹ ಕೆಲಸ ಮಾಡಿದವರಿಗೆ ಮೊದಲ ಮಳೆಯ ಕೆಲವು ವಾರ ಹಳ್ಳಕ್ಕೆ ಪರದೆ ಕಟ್ಟದಿರುವುದು ಕಷ್ಟವೇ? ಊರ ಪಂಚರು ಕೂಡಿ ಒಂದು ಮಾತು ಆಡಿದರೆ ಸಾಕು, ಕಾಸಿನ ಖರ್ಚಿಲ್ಲ.

ಎರಡನೆಯದು ತಾಯಂದಿರಿಗೆ ವಿಜ್ಞಾಪನೆ. ರಜೆಯ ದಿನಗಳಲ್ಲಿ ಮಕ್ಕಳು ಗಾಳ ಹಿಡಿದು ಕಾಲುವೆಗೆ ಓಡುವರು. ಅವರನ್ನು ಗದರಿಸಿ ಮನೆಯಲ್ಲಿ ಕೂಡಿಹಾಕುವುದರಿಂದ ಪ್ರಯೋಜನವಿಲ್ಲ. ಆದರೆ ಕಾಲುವೆಯ ಪಕ್ಕೆಗಳು ಸಿಮೆಂಟಿನ ಇಳಿಜಾರು. ಪಾಚಿ ಹಿಡಿದಿದ್ದರೆ ಈಜು ಬಲ್ಲವನಿಗೂ ಮೇಲೆ ಹತ್ತಲಾಗದು. ನೀರು ಬಿಡುವ ಹೊತ್ತು ಮಕ್ಕಳಿಗೆ ತಿಳಿಯದು. ಆದ್ದರಿಂದ ದೊಡ್ಡವರೊಬ್ಬರು ಸಂಗಡವಿರಲಿ, ಒಂದು ಹಗ್ಗವಿರಲಿ, ಇಳಿಜಾರಿನ ಕೆಳಗೆ ಯಾರೂ ಇಳಿಯದಿರಲಿ. ಹಾಗೆ ಕರೆದೊಯ್ದ ದೊಡ್ಡವರು ಮಕ್ಕಳಿಗೆ ಇನ್ನೊಂದನ್ನೂ ತೋರಿಸಲಿ: ಹೊಟ್ಟೆ ಉಬ್ಬಿದ ಮೀನು ಗಾಳಕ್ಕೆ ಬಂದರೆ ಕೈಯನ್ನು ಮೊದಲು ನೀರಿನಲ್ಲಿ ಅದ್ದಿ, ಕೊಕ್ಕೆಯನ್ನು ಮೆಲ್ಲನೆ ಬಿಡಿಸಿ, ಮತ್ತೆ ನೀರಿಗೆ ಬಿಡುವುದು ಹೇಗೆಂಬುದನ್ನು. ಬನಹಟ್ಟಿಯ ನಮ್ಮ ವಿದ್ಯಾರ್ಥಿಯು ಹಾಗೆ ಬಿಡುವುದನ್ನು ನಾವು ಕಂಡೆವು. ಆ ದಿನ ಅವನ ಚೀಲದಲ್ಲಿ ಏಳು ಮೀನುಗಳಿದ್ದವು. ಮನೆಯಲ್ಲಿ ಉಣ್ಣುವವರಿಗೆ ಅಷ್ಟು ಸಾಕೆಂದು ಹೇಳಿ ಅವನು ಗಾಳವನ್ನು ಸುತ್ತಿದನು.